ಅಡುಗೆಮನೆಯ ವ್ಯಾಟ್ ಎಷ್ಟು ವಾಪಸ್?

ಪ್ರಶ್ನೆ: ಇಂಗ್ಲೆಂಡಿನಲ್ಲಿ ನಮ್ಮದೇ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಅಡುಗೆಮನೆಯ ಸಾಮಾನಿಗೆ ವ್ಯಾಟ್ ಸೇರಿ 12,000 ಪೌಂಡ್ ಎತ್ತಿಟ್ಟಿದ್ದೇವೆ. ಆ ತೆರಿಗೆ ಪೂರ್ತಿ ವಾಪಸ್ ಬರುತ್ತದೆಯೇ?

ಉತ್ತರ: ಪೂರ್ತಿ ಬಾರದು. ಜೋಡಿಸಿದ ಕಪಾಟು, ಕಟ್ಟೆಯ ಕಲ್ಲು, ಸಿಂಕ್, ಚಿಮ್ನಿಗೆ ಬರುತ್ತದೆ. ಓವನ್, ಹಾಬ್ (ಕಟ್ಟೆಯಲ್ಲಿ ಕೂರಿಸುವ ಒಲೆ), ಫ್ರಿಜ್, ಡಿಶ್‌ವಾಶರ್‌ಗೆ ಇಲ್ಲ, ಕಪಾಟಿನೊಳಗೇ ಕೂರಿಸಿದರೂ! ಇವಕ್ಕೆ 3,000 ಹೋದರೆ ಉಳಿದ 9,000ದಲ್ಲಿ ಆರನೇ ಒಂದು ಪಾಲು (100ರ ಮೇಲೆ 20 ವ್ಯಾಟ್ ಸೇರಿ 120, ಅದರಲ್ಲಿ 20), ಅಂದರೆ 1,500 ಪೌಂಡ್ ಸಿಗುತ್ತದೆ. ಅಂಗಡಿಯವರು ಎಲ್ಲಕ್ಕೂ ಒಂದೇ ಮೊತ್ತ ಬರೆದರೆ ಪೇಚಾಟ. ಬಿಲ್ಲಿನಲ್ಲಿ ಬೆಲೆ ಬಿಡಿಬಿಡಿಯಾಗಿ ಬರೆಸಿ. ಜೋಡಿಸುವವರ ಕೂಲಿಗೆ ವ್ಯಾಟ್ ಸೊನ್ನೆ. ತಪ್ಪಿ 20% ಹಾಕಿದ್ದರೆ ಅವರಿಂದಲೇ ವಸೂಲಿ ಮಾಡಬೇಕು, ತೆರಿಗೆ ಇಲಾಖೆ ಕೊಡದು. ಅರ್ಜಿ ಒಂದೇ ಸಲ, ಮನೆ ಪೂರ್ಣಗೊಂಡ 6 ತಿಂಗಳೊಳಗೆ. ಹಣ ಬರುವುದು ಆಮೇಲೆ. 12,000 ಮೊದಲೇ ಕೈಯಲ್ಲಿರಲಿ.