ಇರುವುದಕ್ಕೆ ಕೃತಜ್ಞತೆ ಇದ್ದರೆ ನಿವೃತ್ತಿಗೆಂದು ಕೂಡಿಡುತ್ತಾ ಹೋಗುವುದು ದುರಾಸೆ ಅಲ್ವಾ?

ನಿಮಗೆ 42 ಅಂತ ಬರೆದಿದ್ದೀರಿ. ನನಗೆ ಇದೇ ಪ್ರಶ್ನೆ ಎದ್ದಾಗ 41. ಆಗ ನಾನು 'ಹೌದು, ದುರಾಸೆಯೇ' ಅಂತ ತೀರ್ಮಾನಿಸಿದೆ. ಅದಕ್ಕೇ ಈ ಉತ್ತರ ಬರೆಯುತ್ತಿದ್ದೇನೆ.

ಆ ವರ್ಷ ಕಾಯಿಲೆ ಬಿದ್ದು ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದೆ. ಮನೆಗೆ ಬಂದ ಮೊದಲ ರಾತ್ರಿ ನನ್ನ ಹಾಸಿಗೆ, ನನ್ನ ದಿಂಬು, ಪಕ್ಕದ ಕೋಣೆಯಲ್ಲಿ ಮಕ್ಕಳ ಮಾತು. ಕಣ್ಣು ತುಂಬಿ ಬಂತು. ಮರುದಿನದಿಂದಲೇ ಒಂದು ನೋಟ್‌ಬುಕ್ ಇಟ್ಟುಕೊಂಡು, ಇವತ್ತು ಯಾವುದಕ್ಕೆ ಕೃತಜ್ಞನಾಗಿದ್ದೇನೆ ಅಂತ ಬರೆಯತೊಡಗಿದೆ. ಅಲ್ಲಿಯವರೆಗೆ ಸರಿಯಾಗಿಯೇ ಇತ್ತು.

ಎರಡು ತಿಂಗಳಾದ ಮೇಲೆ ನಿವೃತ್ತಿಗೆಂದು ತಿಂಗಳು ತಿಂಗಳು ಕಟ್ಟುತ್ತಿದ್ದ ಕಂತು ನಿಲ್ಲಿಸಿಬಿಟ್ಟೆ. ನಾಳೆಯ ಭಯದಿಂದ ಕೂಡಿಡುವವನಿಗೆ ಇವತ್ತಿನ ಬೆಲೆ ಗೊತ್ತಿಲ್ಲ ಅಂತ ಆಗ ಮನಸಾರೆ ನಂಬಿದ್ದೆ. "ಕಂತು ಯಾಕ್ರೀ ನಿಲ್ಲಿಸಿದಿರಿ?" ಅಂತ ಹೆಂಡತಿ ಕೇಳಿದಳು. "ಇರೋದೇ ಸಾಕು" ಅಂದೆ. ಎಷ್ಟಿದೆ, ಎಷ್ಟು ಬೇಕಾಗುತ್ತದೆ ಅಂತ ನೋಡಿರಲಿಲ್ಲ.

ನನ್ನ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. 'ಸಾಕು' ಅನ್ನುವುದು ಮನಸ್ಸು ಹೇಳುವ ಮಾತು. 'ಸಾಲುತ್ತದೆ' ಅನ್ನುವುದು ಲೆಕ್ಕ ಹೇಳಬೇಕಾದ ಮಾತು. ನಾನು ಮೊದಲನೆಯದನ್ನು ಹೇಳಿ ಎರಡನೆಯದನ್ನೂ ಹೇಳಿದ್ದೇನೆ ಅಂದುಕೊಂಡೆ. ಹಾಗೇ ಏಳು ವರ್ಷ ಕಳೆಯಿತು. ಆ ಹಣ ಕೆಟ್ಟದ್ದಕ್ಕೇನೂ ಹೋಗಲಿಲ್ಲ. ಪ್ರವಾಸ, ಮನೆ ರಿಪೇರಿ, ಯಾರಿಗೋ ಸಹಾಯ. ಹಾಗಾಗಿಯೇ ತಪ್ಪು ಕಣ್ಣಿಗೆ ಬೀಳಲಿಲ್ಲ.

48ರಲ್ಲಿ ಕೂತು ಲೆಕ್ಕ ಹಾಕಿದೆ. ವರ್ಷಕ್ಕೆ ಶೇ. 8ರಷ್ಟು ಬೆಳೆಯುತ್ತದೆ ಅಂತ ಇಟ್ಟುಕೊಳ್ಳಿ. ಹಣ ಎರಡರಷ್ಟಾಗಲು ಎಷ್ಟು ವರ್ಷ ಬೇಕು ಅಂತ ಅಂದಾಜು ಮಾಡಲು 72ನ್ನು ಆ ಶೇಕಡಾ ದರದಿಂದ ಭಾಗಿಸುವ ಒಂದು ಸುಲಭ ಲೆಕ್ಕವಿದೆ. 72ನ್ನು 8ರಿಂದ ಭಾಗಿಸಿದರೆ 9. ಅಂದರೆ ಹೆಚ್ಚುಕಡಿಮೆ ಒಂಬತ್ತು ವರ್ಷಕ್ಕೆ ಹಣ ಎರಡರಷ್ಟಾಗುತ್ತದೆ. 59ಕ್ಕೆ ಕೆಲಸ ಬಿಡಬೇಕು ಅನ್ನುವುದು ನನ್ನ ಆಸೆ. 41ರಲ್ಲಿ ಇಟ್ಟ ಒಂದು ಪಾಲು ಅಷ್ಟರಲ್ಲಿ ನಾಲ್ಕು ಪಾಲಾಗಿರುತ್ತಿತ್ತು. 48ರಲ್ಲಿ ಇಟ್ಟದ್ದು ಎರಡೂಕಾಲು ದಾಟಿ ಸ್ವಲ್ಪ ಮೇಲೆ, ಅಷ್ಟೇ. ಬಿಟ್ಟದ್ದನ್ನೆಲ್ಲ ತುಂಬಿಕೊಳ್ಳಬೇಕಾದರೆ ಉಳಿದ ಹನ್ನೊಂದು ವರ್ಷವೂ ಮೊದಲಿನ ಕಂತಿನ ಎರಡೂಕಾಲು ಪಟ್ಟು ಕಟ್ಟಬೇಕಿತ್ತು. ಏಳು ವರ್ಷ ಬಿಟ್ಟದ್ದಕ್ಕೆ ಹನ್ನೊಂದು ವರ್ಷ ಅಷ್ಟು! ಆ ಕಾಗದವನ್ನು ಹೆಂಡತಿಗೆ ತೋರಿಸುವುದಕ್ಕೆ ನನಗೆ ಮೂರು ದಿನ ಹಿಡಿಯಿತು. ಬೆಲೆ ಏರಿಕೆಯನ್ನು ಇನ್ನೂ ಸೇರಿಸಿರಲಿಲ್ಲ. ಅದು ವರ್ಷಕ್ಕೆ ಶೇ. 6 ಇದ್ದರೂ ಹನ್ನೆರಡು ವರ್ಷದಲ್ಲಿ ಖರ್ಚು ಎರಡರಷ್ಟಾಗುತ್ತದೆ.

ನನ್ನ ಕೈಲಾದದ್ದು ಒಂದೂವರೆ ಪಟ್ಟು. ನನಗೀಗ 61, ಇನ್ನೂ ಕೆಲಸ ಬಿಟ್ಟಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೃತಜ್ಞತೆ ಒಂದು ಕಡೆ, ಕೂಡಿಡುವುದು ಇನ್ನೊಂದು ಕಡೆ ಅಂತ ತಕ್ಕಡಿಯಲ್ಲಿ ಇಡಬೇಡಿ. ಮನಶ್ಶಾಸ್ತ್ರಜ್ಞ ಡೇವಿಡ್ ಡಿಸ್ಟೆನೊ ಮತ್ತು ಸಂಗಡಿಗರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಈಗಲೇ ಸ್ವಲ್ಪ ಹಣವೋ, ಕಾದು ಜಾಸ್ತಿ ಹಣವೋ ಅಂತ ಕೇಳಿದಾಗ, ಕೃತಜ್ಞತೆ ಮೂಡಿಸಿದ ಘಟನೆಯೊಂದನ್ನು ನೆನೆದವರು ಕಾಯಲು ಜಾಸ್ತಿ ಸಿದ್ಧರಿದ್ದರು. ಬರೀ ಖುಷಿಯ ಘಟನೆ ನೆನೆದವರಲ್ಲಿ ಆ ತಾಳ್ಮೆ ಕಾಣಲಿಲ್ಲ. ಇದನ್ನು ಓದಿದ ದಿನ ನನ್ನ ಹಳೆಯ ನೋಟ್‌ಬುಕ್ ತೆಗೆದು ನೋಡಿದೆ. ಮೊದಲ ಕೆಲವು ಪುಟಗಳಲ್ಲಿ ರಾತ್ರಿ ಪಾಳಿಯ ನರ್ಸ್ ಇದ್ದಾರೆ, ರಜೆ ಹಾಕಿ ಪಕ್ಕದಲ್ಲಿ ಕೂತ ತಮ್ಮ ಇದ್ದಾನೆ. ಆಮೇಲೆ ದಿನಾ ಒಂದೇ ಸಾಲು: 'ಎಲ್ಲ ಇದೆ, ಸಾಕು.' ಕಂತು ನಿಲ್ಲಿಸಿದ್ದು ಆ ಸಾಲು ಬರೆಯತೊಡಗಿದ ಮೇಲೆ.

ಈಗ ವಾರಕ್ಕೊಮ್ಮೆ ಮಾತ್ರ ಬರೆಯುತ್ತೇನೆ, ಹೆಸರು ಹಿಡಿದು ಬರೆಯುತ್ತೇನೆ. ಅದರಿಂದ ನನ್ನ ನಿವೃತ್ತಿಯ ಲೆಕ್ಕವೇ ಬದಲಾಯಿತು. ಮತ್ತೆ ಮತ್ತೆ ಬಂದದ್ದು ಬೆಳಗಿನ ನಡಿಗೆ, ನೋವಿಲ್ಲದ ಮಂಡಿ, ನಡೆದೇ ಹೋಗಬಹುದಾದ ಗೆಳೆಯನ ಮನೆ. ದೊಡ್ಡ ಕಾರು ಒಮ್ಮೆಯೂ ಬರಲಿಲ್ಲ. ಅದಕ್ಕೆಂದು ಎತ್ತಿಟ್ಟಿದ್ದನ್ನು ಚಿಕಿತ್ಸೆಯ ಖರ್ಚಿನ ಪಾಲಿಗೆ ಸೇರಿಸಿದೆ. ಮನೆ ಬದಲಾಯಿಸುವ ಯೋಚನೆ ಬಿಟ್ಟೆ.

ನೀವೂ ಕಂತು ನಿಲ್ಲಿಸಿದ್ದೀರಾ? ಅದನ್ನು ನೀವು ಬರೆದಿಲ್ಲ. ನಿಲ್ಲಿಸಿದ್ದರೆ ಈ ತಿಂಗಳೇ ಮತ್ತೆ ಶುರು ಮಾಡಿ, ಅರ್ಧವಾದರೂ ಸರಿ. ಲೆಕ್ಕ ಹಾಕುವಾಗ ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.