ಮ್ಯೂಸ್‌ಸ್ಕೋರ್‌ನಲ್ಲಿ ಸಾಹಿತ್ಯದ ಸಾಲಿಗೆ ತಾಗುವ ಪಿ, ಎಫ್ ಗುರುತುಗಳನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವುದು ಹೇಗೆ?

ಕೊಪ್ಪಳದ ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಿರುವ ತಾವು ಕೇಳಿರುವುದು ಇಷ್ಟು: ಮಕ್ಕಳ ವೃಂದಗಾನಕ್ಕಾಗಿ ಎರಡು ದನಿಗಳ ಕನ್ನಡ ಹಾಡೊಂದನ್ನು ಪಿಯಾನೋ ಸಹಿತ ಮ್ಯೂಸ್‌ಸ್ಕೋರ್ 4 ಎಂಬ ಸಂಗೀತ ಬರೆಯುವ ತಂತ್ರಾಂಶದಲ್ಲಿ ಬರೆದಿದ್ದೀರಿ, ಮೆಲ್ಲಗೆ, ಸಾಧಾರಣ ಜೋರಾಗಿ, ಜೋರಾಗಿ ಎಂದು ತಿಳಿಸುವ ಪಿ, ಎಂಎಫ್, ಎಫ್ ಗುರುತುಗಳು ಸ್ಟಾಫ್ (ಸ್ವರಗಳನ್ನು ಬರೆಯುವ ಐದು ಗೆರೆಗಳು) ಮತ್ತು ಸಾಹಿತ್ಯದ ನಡುವೆ ಇಕ್ಕಟ್ಟಾಗಿ ಸಿಕ್ಕಿಕೊಂಡಿವೆ, ಮೌಸಿನಿಂದ ಎಳೆದು ಸರಿಪಡಿಸಿದರೂ ಎರಡು ಬಾರ್ (ಸ್ಟಾಫಿನಲ್ಲಿ ಲಂಬಗೆರೆಗಳ ನಡುವಿನ ಭಾಗ) ಸೇರಿಸಿದ ಕೂಡಲೇ, ಅಥವಾ ಕಾಗದದ ಅಳತೆ ಬದಲಿಸಿದ ಕೂಡಲೇ, ಬೇರೆಲ್ಲೋ ಹೋಗಿ ನಿಲ್ಲುತ್ತವೆ. ನಾನು ಬಳ್ಳಾರಿಯಲ್ಲಿ ಗಾಯಕವೃಂದವೊಂದಕ್ಕೆ ಹಲವು ವರ್ಷಗಳಿಂದ ಸ್ಟಾಫ್ ನೊಟೇಷನ್ ಬರೆದುಕೊಡುತ್ತಾ ಬಂದಿದ್ದೇನೆ. ಈ ತೊಂದರೆಯನ್ನು ನಾನೂ ಅನುಭವಿಸಿದ್ದೇನಾದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಲು ತಿಳಿಯಬೇಕಾದ ಸಂಗತಿ ಏನೆಂದರೆ, ನೀವು ಹಾಕಿದ ಎಫ್ ಗುರುತು ಕಾಗದದ ಮೇಲೆ ಬಿಡಿಸಿದ ಚಿತ್ರವಲ್ಲ. ಅದು ಗೂಟಕ್ಕೆ ಕಟ್ಟಿದ ದನದ ಹಾಗೆ ಒಂದು ಸ್ವರಕ್ಕೆ ಕಟ್ಟಿಕೊಂಡಿರುತ್ತದೆ. ನಾಲ್ಕನೇ ಆವೃತ್ತಿಯ ಆರಂಭದ ಬಿಡುಗಡೆಗಳಲ್ಲಿ, ಮೌಸಿನಿಂದ ಎಳೆದಾಗ ಹಗ್ಗ ಮಾತ್ರ ಉದ್ದವಾಗುತ್ತದೆ, ಗೂಟ ಇದ್ದಲ್ಲೇ ಇರುತ್ತದೆ. ಹಗ್ಗದ ಉದ್ದವನ್ನು ತಂತ್ರಾಂಶ ನೆನಪಿಟ್ಟುಕೊಳ್ಳುತ್ತದೆ. ಆದರೆ ಬಾರ್‌ಗಳ ಅಗಲ ಬದಲಾದಾಗ ಗೂಟ ಅತ್ತಿತ್ತ ಸರಿಯುವುದರಿಂದ, ಅದೇ ಉದ್ದದ ಹಗ್ಗದ ಕೊನೆಯಲ್ಲಿ ಈಗ ಬೇರೊಂದು ಸ್ವರ ಇರುತ್ತದೆ. ನಿಮ್ಮ ಗುರುತುಗಳು ಓಡಾಡುತ್ತಿರುವುದಕ್ಕೆ ಕಾರಣ ಇದೇ. ಆದ್ದರಿಂದ ಗುರುತು ಯಾವ ಸ್ವರಕ್ಕೆ ಸೇರಿದೆ ಎಂಬುದನ್ನು ಮೊದಲು, ಸ್ಟಾಫಿನ ಮೇಲೆಯೋ ಕೆಳಗೆಯೋ ಎಂಬುದನ್ನು ಅನಂತರ, ಇಡೀ ಹಾಡಿಗೆ ಅನ್ವಯಿಸುವ ಅಂತರವನ್ನು ಅದರ ಬಳಿಕ ತೀರ್ಮಾನಿಸಿ, ಒಂದೊಂದೇ ಗುರುತನ್ನು ಕೈಯಿಂದ ಸರಿಸುವುದನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ. ನಮ್ಮಲ್ಲಿ ಹೆಚ್ಚಿನವರು ಕಡೆಯ ಕೆಲಸದಿಂದಲೇ ಆರಂಭಿಸುತ್ತೇವೆ.

ಈಗಾಗಲೇ ಎಳೆದಿಟ್ಟಿರುವ ಗುರುತುಗಳನ್ನು ಮೂಲಸ್ಥಾನಕ್ಕೆ ಮರಳಿಸುವುದು ಒಳ್ಳೆಯದು. ಒಂದು ಗುರುತಿನ ಮೇಲೆ ಬಲ ಗುಂಡಿಯನ್ನು ಒತ್ತಿ, ಸೆಲೆಕ್ಟ್ ಎಂಬಲ್ಲಿ ಅದೇ ಬಗೆಯ ಎಲ್ಲವನ್ನೂ ಆರಿಸಿಕೊಂಡು, ಕಂಟ್ರೋಲ್ ಮತ್ತು ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಎಲ್ಲ ಹಗ್ಗಗಳೂ ಒಮ್ಮೆಗೇ ಮೊದಲಿನ ಅಳತೆಗೆ ಬರುತ್ತವೆ. ಈಗ ಕಾಣುವ ಪುಟವೇ ನಿಜವಾದ ಸ್ಥಿತಿ. ಯಾವ ಗುರುತು ತಪ್ಪು ಸ್ವರದ ಬಳಿ ಕಾಣುತ್ತಿದೆಯೋ ಅದರ ಗೂಟವೇ ತಪ್ಪಿದೆ ಎಂದು ತಿಳಿಯಿರಿ. ಅದನ್ನು ಎಳೆಯದೆ, ಕಂಟ್ರೋಲ್ ಮತ್ತು ಎಕ್ಸ್ ಒತ್ತಿ ಕತ್ತರಿಸಿ, ಸರಿಯಾದ ಸ್ವರವನ್ನು ಆರಿಸಿಕೊಂಡು ಕಂಟ್ರೋಲ್ ಮತ್ತು ವಿ ಒತ್ತಿ ಅಂಟಿಸಿ. ಸಂದೇಹ ಬಂದರೆ ಗುರುತನ್ನು ಸ್ವಲ್ಪ ಎಳೆದು ನೋಡಬಹುದು: ಎಳೆಯುತ್ತಿರುವಾಗ ಅದು ಸೇರಿರುವ ಜಾಗಕ್ಕೆ ಒಂದು ತುಂಡುಗೆರೆ ಕಾಣಿಸುತ್ತದೆ. ಇನ್ನೊಂದು ಪರೀಕ್ಷೆಯೂ ಇದೆ. ಹಾಡನ್ನು ನುಡಿಸಿ ಕೇಳಿ. ಗುರುತು ಕಣ್ಣಿಗೆ ಎಲ್ಲಿಯೇ ಕಾಣಲಿ, ದನಿ ಏರುವುದು ಅದರ ಗೂಟ ಇರುವ ಸ್ವರದಿಂದಲೇ. ಕಣ್ಣಿಗೂ ಕಿವಿಗೂ ಹೊಂದಾಣಿಕೆ ಇಲ್ಲದ ಜಾಗಗಳು ಒಂದೇ ಬಾರಿ ಕೇಳುವಷ್ಟರಲ್ಲಿ ಗೊತ್ತಾಗುತ್ತವೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಂದು ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ನಾನು ಬರೆದ ಹಾಡಿನಲ್ಲಿ ಒಂದು ಪಿ ಗುರುತು ಬಾರಿನ ಕೊನೆಯ ಸ್ವರಕ್ಕೆ ಸೇರಿತ್ತು. ಅದು ಮುಂದಿನ ಬಾರಿನ ಮೊದಲ ಸ್ವರದ ಕೆಳಗೆ ಇರಬೇಕೆಂದು ಬಲಕ್ಕೆ ಎಳೆದು ಇಟ್ಟಿದ್ದೆ. ಹಿರಿಯ ಗಾಯಕರಿಗೆ ಓದಲು ಕಷ್ಟವಾಗುತ್ತದೆಂದು ಹಿಂದಿನ ದಿನ ಸ್ಟಾಫಿನ ಗಾತ್ರವನ್ನು ಹೆಚ್ಚಿಸಿದಾಗ, ಒಂದು ಸಾಲಿಗೆ ಹಿಡಿಯುತ್ತಿದ್ದ ಬಾರ್‌ಗಳು ಕಡಿಮೆಯಾಗಿ, ಆ ಮುಂದಿನ ಬಾರ್ ಕೆಳಗಿನ ಸಾಲಿಗೆ ಇಳಿಯಿತು. ಪಿ ಗುರುತು ಮಾತ್ರ ಮೇಲಿನ ಸಾಲಿನ ಬಲ ಅಂಚನ್ನು ದಾಟಿ ನಿಂತಿತು, ರಾಯಲ್ ಸರ್ಕಲ್ ಬಳಿಯ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆಸಿದಾಗ ಅಂಚಿನೊಂದಿಗೆ ಹೊರಟೇಹೋಯಿತು. ಮೆಲ್ಲಗೆ ಆರಂಭವಾಗಬೇಕಿದ್ದ ಚರಣವನ್ನು ಎಲ್ಲರೂ ತುಂಬುದನಿಯಲ್ಲಿ ಹಾಡಿದರು. ಗುರುಮುಖದಿಂದ ಕಲಿತ ಹಾಡಿನಲ್ಲಿ ಇಂತಹ ತಪ್ಪು ಆಗುವುದಿಲ್ಲ, ಏಕೆಂದರೆ ಅಲ್ಲಿ ಏರಿಳಿತವು ಗುರುವಿನ ದನಿಯಿಂದಲೇ ಶಿಷ್ಯರಿಗೆ ಇಳಿಯುತ್ತದೆ. ಕಾಗದ ನೋಡಿ ಹಾಡುವವರಿಗೆ ಆ ಪುಟ್ಟ ಅಕ್ಷರವೇ ಗುರು. ಅದು ಅಳಿದರೆ ಹೇಳಿಕೊಡುವವರು ಯಾರೂ ಇರುವುದಿಲ್ಲ.

ಈಗ ಮೇಲೆಯೋ ಕೆಳಗೆಯೋ ಎಂಬ ವಿಚಾರ. ವಾದ್ಯಗಳಿಗೆ ಬರೆಯುವಾಗ ಪಿ, ಎಫ್‌ನಂತಹ ಡೈನಮಿಕ್ಸ್ (ದನಿಯ ಏರಿಳಿತದ) ಗುರುತುಗಳನ್ನು ಸ್ಟಾಫಿನ ಕೆಳಗೆ ಇಡುವುದು ರೂಢಿ. ಹಾಡುವ ದನಿಗಳಿಗೆ ಮಾತ್ರ ಮೇಲೆ ಇಡುತ್ತಾರೆ, ಏಕೆಂದರೆ ಕೆಳಗಿನ ಜಾಗ ಸಾಹಿತ್ಯಕ್ಕೆ ಸೇರಿದ್ದು. ಇಂಗ್ಲಿಷ್ ಹಾಡುಗಳಲ್ಲೇ ಈ ರೂಢಿ ಅಗತ್ಯವಾಗಿದ್ದರೆ ಕನ್ನಡದಲ್ಲಿ ಅದು ಅನಿವಾರ್ಯವೆಂದೇ ನನ್ನ ಅಭಿಪ್ರಾಯ. ನಮ್ಮ ಲಿಪಿ ಅಡ್ಡಕ್ಕೆ ಹರಡುವಷ್ಟೇ ಕೆಳಕ್ಕೂ ಇಳಿಯುತ್ತದೆ. 'ಮನ', 'ಜಲ' ಎಂಬ ಪದಗಳಿಗೆ ಸಾಕಾಗುವ ಎತ್ತರ 'ರಾಷ್ಟ್ರ', 'ಶಾಸ್ತ್ರ' ಎಂಬ ಪದಗಳಿಗೆ ಸಾಲದು; ಒತ್ತಕ್ಷರದ ಕೆಳಗೆ ಮತ್ತೊಂದು ಒತ್ತಕ್ಷರ ಬಂದಾಗ ಸಾಲಿನ ಆಳ ಬಹಳ ಹೆಚ್ಚುತ್ತದೆ, ಮೇಲ್ಗಡೆ ಗುಡಿಸು, ಏತ್ವಗಳಿಗೂ ಜಾಗ ಬೇಕು. ಇಷ್ಟರ ಮಧ್ಯೆ ಒಂದು ಎಂಎಫ್ ಬಂದು ಕೂತರೆ, ಓದುವ ಮಗು ಅದನ್ನು ಸಾಹಿತ್ಯದ ಭಾಗವೆಂದೇ ತಿಳಿಯಬಹುದು.

ಮೇಲೆ ಕಳಿಸುವುದು ಸುಲಭ. ದನಿಯ ಸ್ಟಾಫಿನಲ್ಲಿರುವ ಒಂದು ಗುರುತಿನ ಮೇಲೆ ಬಲ ಗುಂಡಿಯನ್ನು ಒತ್ತಿ, ಸೆಲೆಕ್ಟ್, ಮೋರ್ ಎಂಬಲ್ಲಿ ಅದೇ ಸ್ಟಾಫಿಗೆ ಸೀಮಿತಗೊಳಿಸಿ ಎಲ್ಲವನ್ನೂ ಆರಿಸಿಕೊಂಡು, ಎಕ್ಸ್ ಕೀಲಿಯನ್ನು ಒಮ್ಮೆ ಒತ್ತಿ. ಕೆಳಗಿದ್ದವೆಲ್ಲ ಮೇಲಕ್ಕೆ ಹೋಗುತ್ತವೆ. ಮತ್ತೊಮ್ಮೆ ಒತ್ತಿದರೆ ಕೆಳಕ್ಕೆ ಬರುತ್ತವೆ. ಎಳೆದು ಮೇಲಕ್ಕೆ ತಂದ ಗುರುತಿಗೂ ಹೀಗೆ ಮೇಲಕ್ಕೆ ಕಳಿಸಿದ ಗುರುತಿಗೂ ವ್ಯತ್ಯಾಸ ಬಹಳ: ಎರಡನೆಯದಕ್ಕೆ ತಾನು ಮೇಲಿನದು ಎಂಬುದು ತಿಳಿದಿರುತ್ತದೆ, ಎತ್ತರದ ಸ್ವರವೊಂದು ಬಂದರೆ ತಾನಾಗಿ ಇನ್ನಷ್ಟು ಮೇಲೆ ಸರಿದು ದಾರಿ ಬಿಡುತ್ತದೆ.

ನಿಮ್ಮ ಎರಡು ದನಿಗಳೂ ಒಂದೇ ಸ್ಟಾಫಿನಲ್ಲಿದ್ದರೆ, ಎರಡಕ್ಕೂ ಒಂದೇ ಗುರುತು ಸಾಕಾಗುವ ಕಡೆ ಮೇಲೊಂದನ್ನೇ ಇಡಿ. ಮೇಲಿನ ದನಿ ಜೋರು, ಕೆಳಗಿನ ದನಿ ಮೆಲ್ಲಗೆ ಎಂಬಂತಹ ಜಾಗಗಳಿದ್ದರೆ ರೂಢಿಯ ಪ್ರಕಾರ ಮೇಲಿನದು ಮೇಲೆ, ಕೆಳಗಿನದು ಕೆಳಗೆ ಬರಬೇಕಾಗುತ್ತದೆ, ಆಗ ಸಾಹಿತ್ಯದೊಂದಿಗೆ ಮತ್ತೆ ಅದೇ ಜಗಳ. ಮಕ್ಕಳಿಗಾಗಿ ಬರೆಯುವಾಗ ನಾನು ಎರಡು ಸ್ಟಾಫ್‌ಗಳನ್ನೇ ಮಾಡುತ್ತೇನೆ. ಕಾಗದ ಸ್ವಲ್ಪ ಹೆಚ್ಚು ಖರ್ಚಾದರೂ ಓದುವವರಿಗೆ ಗೊಂದಲವಿರುವುದಿಲ್ಲ.

ಗುರುತುಗಳು ಮೇಲೆ ಹೋದ ನಂತರವೂ ಸಾಹಿತ್ಯ ಸ್ಟಾಫಿಗೆ ಅಂಟಿದಂತೆ ಕಂಡರೆ, ಫಾರ್ಮ್ಯಾಟ್, ಸ್ಟೈಲ್, ಲಿರಿಕ್ಸ್ ಎಂಬಲ್ಲಿ ಕನಿಷ್ಠ ಅಂತರವನ್ನು ಹೆಚ್ಚಿಸಿ. ಅಕ್ಷರಶೈಲಿಯನ್ನು ಟೆಕ್ಸ್ಟ್ ಸ್ಟೈಲ್ಸ್ ಎಂಬಲ್ಲಿ ಬದಲಿಸಬೇಕು. ಸಾಹಿತ್ಯದ ಬೆಸ ಸಾಲುಗಳಿಗೂ ಸರಿ ಸಾಲುಗಳಿಗೂ ಅಲ್ಲಿ ಪ್ರತ್ಯೇಕ ನಮೂದುಗಳಿರುವುದರಿಂದ, ಎರಡು ಚರಣಗಳಿದ್ದರೆ ಎರಡನ್ನೂ ಬದಲಿಸಲು ಮರೆಯಬೇಡಿ. ಸಾಹಿತ್ಯವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಯೂನಿಕೋಡ್ ಅಲ್ಲದೆ ಟೈಪ್ ಮಾಡಿದ ಪಠ್ಯವನ್ನು ಹಾಗೆಯೇ ತಂದು ಅಂಟಿಸಿದರೆ ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಅದು ಓದಲು ಬಾರದ ಚಿಹ್ನೆಗಳಾಗಿ ಬಿಡುತ್ತದೆ.

ಪಿಯಾನೋ ಭಾಗದ ರೂಢಿ ಬೇರೆ. ಎರಡೂ ಕೈಗಳಿಗೆ ಒಂದೇ ಗುರುತು, ಅದು ಎರಡು ಸ್ಟಾಫ್‌ಗಳ ನಡುವೆ. ಬಲಗೈಯ ಸ್ವರಕ್ಕೆ ಗುರುತು ಸೇರಿಸಿ ಕೆಳಗೆ ಬಿಟ್ಟರೆ ಅದು ಆ ನಡುವಿನ ಜಾಗಕ್ಕೇ ಬರುತ್ತದೆ. ನಟ್ಟನಡುವೆ ನಿಲ್ಲಿಸುವುದಕ್ಕೆ ಈಚಿನ ಆವೃತ್ತಿಗಳ ಪ್ರಾಪರ್ಟೀಸ್ ಫಲಕದಲ್ಲಿಯೇ ಆಯ್ಕೆ ಇದೆ.

ಇಡೀ ಹಾಡಿನ ಅಂತರವನ್ನು ಫಾರ್ಮ್ಯಾಟ್, ಸ್ಟೈಲ್, ಡೈನಮಿಕ್ಸ್ ಎಂಬಲ್ಲಿ ನಿರ್ಧರಿಸಬೇಕು. ಅಲ್ಲಿನ ಅಳತೆ ಮಿಲಿಮೀಟರಿನಲ್ಲಿ ಇರುವುದಿಲ್ಲ, ಸ್ಟಾಫಿನ ಎರಡು ಗೆರೆಗಳ ನಡುವಿನ ಅಂತರವನ್ನು 1 ಎಂದು ಎಣಿಸುತ್ತಾರೆ. ಸ್ಟಾಫನ್ನು ದೊಡ್ಡದು ಮಾಡಿದರೆ ಗುರುತಿನ ಅಂತರವೂ ಅದೇ ಪ್ರಮಾಣದಲ್ಲಿ ಬೆಳೆಯಲಿ ಎಂಬುದೇ ಇದರ ಉದ್ದೇಶ. ಒಂದು ಗುರುತನ್ನು ಸರಿಪಡಿಸಿ ಅದು ನಿಮಗೆ ಒಪ್ಪಿಗೆಯಾದರೆ, ಪ್ರಾಪರ್ಟೀಸ್ ಫಲಕದಲ್ಲಿ ಆ ಅಳತೆಯ ಪಕ್ಕದ ಮೂರು ಚುಕ್ಕಿಗಳನ್ನು ಒತ್ತಿ, ಅದನ್ನೇ ಈ ಹಾಡಿನ ಮೂಲ ಅಳತೆಯಾಗಿ ಉಳಿಸಬಹುದು. ನಲವತ್ತು ಗುರುತುಗಳನ್ನು ಒಂದೊಂದಾಗಿ ಸರಿಸುವ ಶ್ರಮ ಉಳಿಯುತ್ತದೆ.

ಇಷ್ಟೆಲ್ಲ ಆದ ಮೇಲೂ ಎರಡೋ ಮೂರೋ ಗುರುತುಗಳು ಸಮಾಧಾನ ತರದೆ ಉಳಿದೇ ಉಳಿಯುತ್ತವೆ. ಅವುಗಳನ್ನು ಕೈಯಿಂದ ಸರಿಸಿ, ಆದರೆ ಮೌಸಿನಿಂದ ಬೇಡ. ಗುರುತನ್ನು ಆರಿಸಿ ಮೇಲಿನ ಅಥವಾ ಕೆಳಗಿನ ಬಾಣದ ಕೀಲಿಯನ್ನು ಒತ್ತಿದರೆ ಅದು ಗೆರೆಗಳ ಅಂತರದ ಹತ್ತನೇ ಒಂದು ಭಾಗದಷ್ಟು ಸರಿಯುತ್ತದೆ, ಕಂಟ್ರೋಲ್ ಜೊತೆಗೆ ಒತ್ತಿದರೆ ಒಂದು ಪೂರ್ತಿ ಅಂತರದಷ್ಟು. ಕೆಲವೊಮ್ಮೆ ಎಷ್ಟು ಒತ್ತಿದರೂ ಗುರುತು ಸ್ಟಾಫಿನ ಕಡೆಗೆ ಕದಲುವುದಿಲ್ಲ. ಇದು ದೋಷವಲ್ಲ, 2018ರಲ್ಲಿ ಬಂದ ಮೂರನೇ ಆವೃತ್ತಿಯಿಂದ ತಂತ್ರಾಂಶವು ಒಂದರ ಮೇಲೊಂದು ಬೀಳದಂತೆ ಗುರುತುಗಳನ್ನು ತಾನೇ ದೂರ ಇಡುತ್ತದೆ, ಕನಿಷ್ಠ ಅಂತರಕ್ಕಿಂತ ಹತ್ತಿರ ಬಿಡುವುದಿಲ್ಲ. ಆ ಒಂದು ಗುರುತಿನ ಕನಿಷ್ಠ ಅಂತರವನ್ನು ಕಡಿಮೆ ಮಾಡಿದರೆ ಅದು ಕದಲುತ್ತದೆ. ಸ್ವಯಂಚಾಲಿತ ಜೋಡಣೆಯನ್ನೇ ನಿಲ್ಲಿಸುವ ಆಯ್ಕೆಯೂ ಪಕ್ಕದಲ್ಲಿದೆ, ಆದರೆ ಅದನ್ನು ನಿಲ್ಲಿಸಿದ ಗುರುತಿಗೆ ಉಳಿದವರ ಪರಿವೆ ಇರುವುದಿಲ್ಲ, ಉಳಿದವೂ ಅದಕ್ಕೆ ಜಾಗ ಬಿಡುವುದಿಲ್ಲ. ನೀವು ಈಗಾಗಲೇ ಹಲವು ಗುರುತುಗಳಿಗೆ ಹಾಗೆ ಮಾಡಿದ್ದರೆ, ದಯವಿಟ್ಟು ಮೊದಲು ಅದನ್ನು ಹಿಂದಕ್ಕೆ ತನ್ನಿ.

ಅಡ್ಡ ದಿಕ್ಕಿನಲ್ಲಿ ಸರಿಸುವ ಅಗತ್ಯ ಬಹಳ ಕಡಿಮೆ. ಪಿ ಅಥವಾ ಎಫ್ ಅಕ್ಷರದ ಬಲ ಎಡ ಅಂಚುಗಳನ್ನು ಅಳೆದು ತಂತ್ರಾಂಶ ನಡುವನ್ನು ಕಂಡುಕೊಳ್ಳುವುದಿಲ್ಲ; ಓದುವ ಕಣ್ಣಿಗೆ ನಡು ಎನಿಸುವ ಬಿಂದುವನ್ನು ಅಕ್ಷರಶೈಲಿಯನ್ನು ರೂಪಿಸಿದವರೇ ಗುರುತಿಸಿಟ್ಟಿರುತ್ತಾರೆ, ಆ ಬಿಂದು ಸ್ವರದ ತಲೆಗೆ ನೇರವಾಗಿ ನಿಲ್ಲುತ್ತದೆ. ಮ್ಯೂಸ್‌ಸ್ಕೋರ್ 4ರ ಮೂಲ ಸಂಗೀತಲಿಪಿಯಾದ ಲೆಲ್ಯಾಂಡ್‌ಗೆ, ಕಂಪ್ಯೂಟರಿನಲ್ಲಿ ಸಂಗೀತ ಮುದ್ರಣಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಒಬ್ಬರಾದ ಲೆಲ್ಯಾಂಡ್ ಸ್ಮಿತ್ ಅವರ ಹೆಸರನ್ನು ಇಟ್ಟಿದ್ದಾರೆ. ಇಂತಹ ಸೂಕ್ಷ್ಮಗಳಿಗೆ ಅವರು ಕೊಟ್ಟ ಗಮನವನ್ನು ನೆನೆದಾಗ ಆ ಹೆಸರು ಸೂಕ್ತವೆನಿಸುತ್ತದೆ. ಎಡಕ್ಕೆ ತುಸು ಸರಿದಂತೆ ಕಂಡರೂ ಅದನ್ನು ತಿದ್ದಬೇಡಿ.

ದನಿ ಕ್ರಮೇಣ ಏರುವುದನ್ನು ತೋರಿಸುವ ಹೇರ್‌ಪಿನ್ ಗೆರೆಗಳಿಗೂ ಇದೇ ನಿಯಮ. ಮೊದಲ ಮತ್ತು ಕೊನೆಯ ಸ್ವರಗಳನ್ನು ಆರಿಸಿ ಗೆರೆಯನ್ನು ಸೇರಿಸಿ. ತುದಿಯನ್ನು ಮುಂದಿನ ಸ್ವರಕ್ಕೆ ಒಯ್ಯಬೇಕಾದರೆ ಶಿಫ್ಟ್ ಮತ್ತು ಬಲ ಬಾಣವನ್ನು ಬಳಸಿ. ಗೆರೆಯ ಎರಡು ತುದಿಗಳಲ್ಲಿ ಪಿ ಮತ್ತು ಎಫ್ ಇದ್ದರೆ ಮೂರೂ ಒಂದೇ ಮಟ್ಟದಲ್ಲಿ ತಾವಾಗಿ ಜೋಡಿಕೊಳ್ಳುತ್ತವೆ. ದನಿಯ ಗುರುತುಗಳನ್ನು ಮೇಲೆ ಕಳಿಸಿದಾಗ ಹೇರ್‌ಪಿನ್‌ಗಳನ್ನೂ ಅದೇ ಎಕ್ಸ್ ಕೀಲಿಯಿಂದ ಮೇಲೆ ಕಳಿಸಲು ಮರೆತರೆ, ಗುರುತುಗಳು ಮೇಲೆ, ಗೆರೆ ಕೆಳಗೆ ಎಂಬಂತೆ ಚೆದುರಿಹೋಗುತ್ತವೆ.

ಮುದ್ರಣಕ್ಕೆ ಕೊಡುವ ಮುನ್ನ ಪುಟದ ಅಳತೆ ಎ4 ಇದೆಯೇ ಎಂದು ನೋಡಿ, ಪಿಡಿಎಫ್ ಮಾಡಿ, ಆ ಪಿಡಿಎಫ್‌ನಲ್ಲಿ ಪ್ರತಿ ಸಾಲಿನ ಬಲ ಅಂಚನ್ನು ಒಮ್ಮೆ ಮೇಲಿಂದ ಕೆಳಗಿನವರೆಗೆ ಕಣ್ಣಾಡಿಸಿ. ಅಂಚಿನಾಚೆ ಒಂಟಿಯಾಗಿ ನಿಂತ ಗುರುತು ಕಂಡರೆ, ಅದರ ಗೂಟ ಇನ್ನೂ ಹಿಂದಿನ ಬಾರಿನಲ್ಲಿದೆ ಎಂದರ್ಥ. ಕತ್ತರಿಸಿ, ಮುಂದಿನ ಸಾಲಿನ ಮೊದಲ ಸ್ವರಕ್ಕೆ ಅಂಟಿಸಿ.