ಕೇಳಿದರೆ ಹೇಳಲಿ, ಆದರೆ ಮೊದಲು ಪೊಲೀಸರು ಕೇಳಲಿ

ಹುಬ್ಬಳ್ಳಿಯಿಂದ ಪತ್ರ ಬರೆದ ಹಿರಿಯರಿಗೆ ನಮಸ್ಕಾರ.

ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರ ಹೇಳಿಬಿಡುತ್ತೇನೆ. ನಿಮ್ಮ ಮಗಳು, ಅಳಿಯ ಅಮೆರಿಕದ ಮಿಶಿಗನ್‌ನಲ್ಲಿದ್ದಾರೆ. ಅಳಿಯಂದಿರು ಪಿಸ್ತೂಲು ಇಟ್ಟುಕೊಂಡು ಓಡಾಡಲು ಲೈಸೆನ್ಸ್ ಮಾಡಿಸಿದ್ದಾರೆ. ಪೊಲೀಸರು ಕಾರು ನಿಲ್ಲಿಸಿದರೆ 'ನನ್ನ ಹತ್ತಿರ ಪಿಸ್ತೂಲಿದೆ' ಅಂತ ತಾವಾಗಿಯೇ, ತಕ್ಷಣ ಹೇಳಬೇಕು ಅನ್ನುವುದು ಅಲ್ಲಿನ ಕಾನೂನು. ಅದು ನಿಮಗೆ ಬಹಳ ಹಿಡಿಸಿದೆ. 'ಸಾಚಾ ಮನುಷ್ಯನಿಗೆ ಹೇಳೋಕೆ ಏನು ಕಷ್ಟ? ಇಡೀ ಅಮೆರಿಕಕ್ಕೆ ಇದೇ ಕಾನೂನು ಯಾಕಿಲ್ಲ?' ಅಂತ ಕೇಳಿದ್ದೀರಿ.

ಅರ್ಧ ಒಪ್ಪಿದೆ. ಕೇಳಿದಾಗ ಸುಳ್ಳು ಹೇಳಬಾರದು. ಆದರೆ ಕೇಳುವ ಮೊದಲೇ ಬಾಯಿ ಬಿಡಲಿಲ್ಲ ಅಂತ ದಂಡ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಮಿಶಿಗನ್‌ನಲ್ಲಿ ಮೊದಲ ಸಲಕ್ಕೇ 500 ಡಾಲರ್ ದಂಡ ಬೀಳಬಹುದು, ಲೈಸೆನ್ಸೂ 6 ತಿಂಗಳು ಅಮಾನತ್ತಾಗಬಹುದು.

ಪೊಲೀಸರ ಕಷ್ಟ ಇಲ್ಲವೆನ್ನುವುದಿಲ್ಲ. ರಾತ್ರಿ ಹೊತ್ತು, ಹೆದ್ದಾರಿ ಪಕ್ಕ, ಒಬ್ಬನೇ ಪೇದೆ ಗುರುತಿಲ್ಲದವರ ಕಾರಿನ ಕಿಟಕಿಗೆ ಬರುತ್ತಾನೆ, ಒಳಗೆ ಕೂತವನ ಸೊಂಟದಲ್ಲಿ ಏನಿದೆಯೋ ಅವನಿಗೆ ಗೊತ್ತಿಲ್ಲ. ಅದಕ್ಕೇ ಅಲ್ಲಿನ ಸುಪ್ರೀಂ ಕೋರ್ಟ್ 1977ರಲ್ಲೇ, ನಿಲ್ಲಿಸಿದ ಕಾರಿನ ಚಾಲಕನನ್ನು ಕೆಳಗಿಳಿ ಅನ್ನುವ ಅಧಿಕಾರ ಪೊಲೀಸರಿಗೆ ಕೊಟ್ಟಿತು. ಆ ಕೇಸಿನಲ್ಲೂ ಇಳಿದವನ ಜಾಕೆಟ್ ಒಳಗೆ ಉಬ್ಬಿಕೊಂಡಿದ್ದದ್ದು ರಿವಾಲ್ವರೇ.

ಈಗ 'ಹೇಳೋಕೆ ಏನು ಕಷ್ಟ' ಅಂದಿರಲ್ಲ, ಅದಕ್ಕೆ ಬರುತ್ತೇನೆ. 2016ರ ಜುಲೈ 6. ಮಿನೆಸೋಟದ ಫಾಲ್ಕನ್ ಹೈಟ್ಸ್. ಫಿಲಾಂಡೊ ಕ್ಯಾಸ್ಟೀಲ್, 32 ವರ್ಷದ ಕಪ್ಪು ಯುವಕ, ಶಾಲೆಯೊಂದರ ಊಟದ ಮನೆ ನೋಡಿಕೊಳ್ಳುತ್ತಿದ್ದವನು. ಹಿಂದಿನ ದೀಪ ಉರಿಯುತ್ತಿಲ್ಲ ಅಂತ ಪೊಲೀಸ್ ಅಧಿಕಾರಿ ಕಾರು ನಿಲ್ಲಿಸಿದ. ಡ್ರೈವಿಂಗ್ ಲೈಸೆನ್ಸ್, ಇನ್ಶೂರೆನ್ಸ್ ಕೇಳಿದ. ಕ್ಯಾಸ್ಟೀಲ್ ಇನ್ಶೂರೆನ್ಸ್ ಕಾರ್ಡ್ ಕೊಟ್ಟ, ಆಮೇಲೆ 'ಸರ್, ನನ್ನ ಹತ್ತಿರ ಬಂದೂಕು ಇದೆ ಅಂತ ನಿಮಗೆ ಹೇಳಬೇಕು' ಅಂದ. ಮಿನೆಸೋಟದ ಕಾನೂನಿನಲ್ಲಿ ಕೇಳಿದರೆ ಮಾತ್ರ ಹೇಳಬೇಕು. ಅವನು ಕೇಳದೆಯೇ ಹೇಳಿದ, 'ಸರ್' ಸೇರಿಸಿ ಹೇಳಿದ. ಅಧಿಕಾರಿ 'ಅದನ್ನು ಹೊರಗೆ ತೆಗೀಬೇಡ' ಅಂದ. ಇವನು 'ನಾನು ತೆಗೀತಿಲ್ಲ' ಅಂದ. ಕೆಲವೇ ಸೆಕೆಂಡುಗಳಲ್ಲಿ ಏಳು ಗುಂಡು ಹಾರಿದವು. ಪಕ್ಕದಲ್ಲಿ ಅವನ ಗೆಳತಿ, ಹಿಂದಿನ ಸೀಟಿನಲ್ಲಿ ಅವಳ ನಾಲ್ಕು ವರ್ಷದ ಮಗಳು. ಅವನು ಸತ್ತ. ಅವನಿಗೆ ಬಂದೂಕಿನ ಲೈಸೆನ್ಸ್ ಇತ್ತು. ಮರುವರ್ಷ ಜೂನ್‌ನಲ್ಲಿ ಜ್ಯೂರಿ ಆ ಅಧಿಕಾರಿಯನ್ನು ಖುಲಾಸೆ ಮಾಡಿತು.

ಇದರಲ್ಲಿ ಇನ್ನೊಂದು ಸಣ್ಣ ವಿಷಯ ನೋಡಿ. ಬಲಗೈಯವರು ಪಿಸ್ತೂಲು ಇಡುವುದು ಸಾಮಾನ್ಯವಾಗಿ ಬಲಗಡೆ. ಪರ್ಸೂ ಅಲ್ಲೇ, ಪ್ಯಾಂಟಿನ ಬಲ ಜೇಬಿನಲ್ಲಿ. ಪೊಲೀಸ್ 'ಲೈಸೆನ್ಸ್ ಕೊಡು' ಅಂದಾಗ ಕೈ ಹೋಗುವುದು ಎರಡೂ ಇರುವ ಜಾಗಕ್ಕೆ. ಒಬ್ಬ ಮಾತಾಡುತ್ತಿರುವುದು ಬಂದೂಕಿನ ಬಗ್ಗೆ, ಅವನ ಕೈ ಇರುವುದು ಪರ್ಸಿನ ಮೇಲೆ, ಎದುರಿನವನಿಗೆ ಕಾಣುವುದು ಬರೀ ಅಲ್ಲಾಡುವ ಕೈ. ಹಾಗಾಗಿ ಆ ಮಾತು ಯಾರು ಶುರು ಮಾಡುತ್ತಾರೆ, ಆಗ ಕೈ ಎಲ್ಲಿರುತ್ತೆ ಅನ್ನುವುದೇ ಇಲ್ಲಿ ದೊಡ್ಡ ವಿಷಯ. ಪೊಲೀಸ್ ತಾನೇ ಮೊದಲು 'ಸ್ಟೀರಿಂಗ್ ಮೇಲೆ ಕೈ ಇಡಿ, ಬಂದೂಕು ಇದೆಯಾ?' ಅಂತ ಕೇಳಿ, ಉತ್ತರ ಬಂದಮೇಲೆ ಕಾಗದ ಕೇಳಿದರೆ ಈ ಗೊಂದಲ ಅರ್ಧಕ್ಕರ್ಧ ಇರುವುದಿಲ್ಲ.

ಇನ್ನು 'ತಕ್ಷಣ' ಅಂದರೆ ಎಷ್ಟು ಬೇಗ? 2011ರಲ್ಲಿ ಒಹಾಯೋದ ಕ್ಯಾಂಟನ್‌ನಲ್ಲಿ ಒಬ್ಬ ಚಾಲಕ ತನ್ನ ಹತ್ತಿರ ಬಂದೂಕಿದೆ ಅಂತ ಹೇಳಲು ನೋಡಿದ. ಪೊಲೀಸರು ಬಾಯಿ ಮುಚ್ಚು ಅಂದರು. ಕೊನೆಗೆ ವಿಷಯ ಗೊತ್ತಾದಾಗ, ನಿನ್ನನ್ನು ಆಗಲೇ ಗುಂಡಿಟ್ಟು ಕೊಲ್ಲಬೇಕಿತ್ತು ಅನ್ನುವ ಅರ್ಥದಲ್ಲಿ ಕೂಗಾಡಿದರು. ಮೇಲಿಂದ ಬೇಗ ಹೇಳಲಿಲ್ಲ ಅಂತ ಕೇಸು ಬೇರೆ! ಎಲ್ಲ ಪೊಲೀಸ್ ಕಾರಿನ ಕ್ಯಾಮೆರಾದಲ್ಲೇ ದಾಖಲಾಗಿತ್ತು. 2022ರಲ್ಲಿ ಒಹಾಯೋ ಈ ನಿಯಮ ಬದಲಿಸಿತು. ಈಗ ಅಲ್ಲಿ ಕೇಳಿದರೆ ಹೇಳಬೇಕು, ಅಷ್ಟೇ. ನನಗೆ ಇದೇ ಸರಿ ಅನ್ನಿಸುತ್ತೆ.

ಕಳ್ಳರು, ಸುಲಿಗೆಯವರು ಹೇಗೂ ಹೇಳುವುದಿಲ್ಲ, ಅಲ್ವಾ? ಇದರಲ್ಲಿ ಒಂದು ತಮಾಷೆಯೂ ಇದೆ. ಕಾನೂನುಬಾಹಿರವಾಗಿ ಬಂದೂಕು ಇಟ್ಟುಕೊಂಡವನು ಅದನ್ನು ಸರ್ಕಾರಕ್ಕೆ ನೋಂದಾಯಿಸಲಿಲ್ಲ ಅಂತ ಶಿಕ್ಷಿಸುವ ಹಾಗಿಲ್ಲ, ಅದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿಸಿದ ಹಾಗಾಗುತ್ತೆ ಅಂತ 1968ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ತರ್ಕ ಹಿಡಿದರೆ ಕಳ್ಳಬಂದೂಕಿನವನನ್ನು ಹೇಳಲಿಲ್ಲ ಅಂತ ಶಿಕ್ಷಿಸುವ ಹಾಗಿಲ್ಲ, ಈ ಕಾನೂನಿಗೆ ಸಿಕ್ಕಿಬೀಳುವವರು ಬಹುಪಾಲು ನಿಮ್ಮ ಅಳಿಯನಂಥವರೇ.

ನಿಮ್ಮ ವಾದಕ್ಕೆ ಬಲ ಕೊಡುವ ಅಂಶವೂ ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಕೆಲವು ರಾಜ್ಯಗಳಲ್ಲಿ ಕಾರಿನ ನಂಬರು ಹಾಕಿದರೆ ಮಾಲೀಕನಿಗೆ ಬಂದೂಕಿನ ಲೈಸೆನ್ಸ್ ಇದೆ ಅಂತ ಪೊಲೀಸರ ಕಂಪ್ಯೂಟರ್ ತೋರಿಸುತ್ತೆ. ಆದರೆ ಈಗ 29 ರಾಜ್ಯಗಳಲ್ಲಿ ಲೈಸೆನ್ಸೇ ಇಲ್ಲದೆ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಲೈಸೆನ್ಸ್ ಮಾಡಿಸದವನ ಬಗ್ಗೆ ಕಂಪ್ಯೂಟರ್ ಏನು ತೋರಿಸೀತು? ಹಾಗಾಗಿ ಜನರೇ ಹೇಳಲಿ ಅನ್ನುವ ಒತ್ತಾಯ ಜಾಸ್ತಿಯಾಗುವುದು ಸಹಜ. ನಾನಂತೂ ಅದಕ್ಕೇ ಪೊಲೀಸರು ಪ್ರತಿ ಸಲ ಕೇಳಲಿ ಅನ್ನುತ್ತೇನೆ. ಕೇಳೋಕೆ ಅವರಿಗೆ ಖರ್ಚೇನೂ ಇಲ್ಲ.

'ನಮ್ಮಲ್ಲಿ ಚುನಾವಣೆ ಬಂದರೆ ಕೋವಿ ಠಾಣೆಗೆ ಒಪ್ಪಿಸುತ್ತೇವಲ್ಲ' ಅಂತಲೂ ಬರೆದಿದ್ದೀರಿ. ಅದು ಬೇರೆ. ನಮ್ಮಲ್ಲಿ ಲೈಸೆನ್ಸ್ ಕೊಡುವ ಮುಂಚೆಯೇ ಪೊಲೀಸ್ ವರದಿ ಹೋಗಿರುತ್ತೆ, ಯಾರ ಹತ್ತಿರ ಏನಿದೆ ಅಂತ ಠಾಣೆಗೆ ಗೊತ್ತು. (ಕೊಡಗಿನವರಿಗೆ ಇರುವ ವಿನಾಯಿತಿಯ ಕಥೆ ಇನ್ನೊಮ್ಮೆ ಬರೆಯೋಣ.) ಅಷ್ಟಾದರೂ 1959ರ ನಮ್ಮ ಶಸ್ತ್ರಾಸ್ತ್ರ ಕಾಯಿದೆಯ 19ನೇ ಕಲಂ ಏನನ್ನುತ್ತೆ? ಆಯುಧ ಹಿಡಿದವನಿಂದ ಪೊಲೀಸ್ ಅಧಿಕಾರಿ ಲೈಸೆನ್ಸ್ ಕೇಳಬಹುದು ಅನ್ನುತ್ತೆ. ಕೇಳುವ ಕೆಲಸ ಪೊಲೀಸರದೇ.

ನಿಮ್ಮ ಅಳಿಯಂದಿರಿಗೆ ಇಷ್ಟು ಹೇಳಿ. ಅವರಿರುವುದು ಮಿಶಿಗನ್, ಅಲ್ಲಿನ ಕಾನೂನು ನನಗೆ ಹಿಡಿಸಲಿ ಬಿಡಲಿ, ಪಾಲಿಸಲೇಬೇಕು. ಪೊಲೀಸ್ ನಿಲ್ಲಿಸಿದರೆ ಕಾರಿನೊಳಗಿನ ದೀಪ ಹಾಕಲಿ. ಎರಡೂ ಕೈ ಸ್ಟೀರಿಂಗ್ ಮೇಲಿರಲಿ. 'ನನಗೆ ಲೈಸೆನ್ಸ್ ಇದೆ, ಪಿಸ್ತೂಲು ಜೊತೆಗಿದೆ, ನಾನೇನು ಮಾಡಲಿ ಹೇಳಿ' ಅಂತ ಕೇಳಿ, ಹೇಳುವ ತನಕ ಕೈ ಅಲ್ಲಾಡಿಸದಿರಲಿ. ಪರ್ಸನ್ನು ಪಿಸ್ತೂಲಿನ ಕಡೆ ಇಡಲೇಬಾರದು. ಮತ್ತೆ, ಮಗಳು ಅಳಿಯ ರಜೆಗೆ ಶಿಕಾಗೋ ಕಡೆ ಹೊರಟರೆ ಪಿಸ್ತೂಲನ್ನು ಮನೆಯಲ್ಲೇ ಬೀಗ ಹಾಕಿಟ್ಟು ಹೋಗಲಿ, ಮಿಶಿಗನ್ ಲೈಸೆನ್ಸನ್ನು ಇಲಿನಾಯ್ ಮಾನ್ಯ ಮಾಡುವುದಿಲ್ಲ.

— ಸಂ.